ಚಾರ್ಟಿಗೆ ಅಂಟಿಸಲು ಅಸಲು ಫೋಟೋ ಬೇಡ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಒಂದನೇ, ಎರಡನೇ ಕ್ಲಾಸಿನ ಮಕ್ಕಳ ಡೈರಿಯಲ್ಲಿ ಒಂದು ಸಾಲು ಬಂದೇ ಬರುತ್ತದೆ. ‘ನನ್ನ ಕುಟುಂಬ’ ಚಾರ್ಟ್ ಮಾಡಿಕೊಂಡು ಬರಬೇಕು, ಅಜ್ಜ-ಅಜ್ಜಿಯ ಫೋಟೋ ಅಂಟಿಸಿರಬೇಕು. ಮಗು ಅದನ್ನು ಹೇಳುವುದು ಹಿಂದಿನ ರಾತ್ರಿ ಊಟಕ್ಕೆ ಕೂತಾಗ. ಒಂಬತ್ತು ಗಂಟೆಗೆ ಬೀರು ತೆಗೆದು, ಆಲ್ಬಂನಲ್ಲಿ ಕೈಗೆ ಸಿಕ್ಕಿದ್ದನ್ನು ಕಿತ್ತು, ಮುಖದ ಸುತ್ತ ಕತ್ತರಿ ಆಡಿಸಿ, ಫೆವಿಕಾಲ್ ಹಚ್ಚಿ ಅಂಟಿಸಿದರೆ ಆ ದಿನದ ಕೆಲಸ ಮುಗಿಯಿತು. ಚಾರ್ಟ್ ಮಾರ್ಚ್‌ವರೆಗೆ ಕ್ಲಾಸಿನ ಗೋಡೆ ಮೇಲಿದ್ದು ಆಮೇಲೆ ರದ್ದಿಗೆ ಹೋಗುತ್ತದೆ. ಅದರ ಬೆನ್ನಿಗೇ ಆ ಮನೆಯಲ್ಲಿದ್ದ ಅಜ್ಜಿಯ ಒಂದೇ ಒಂದು ಹರೆಯದ ಫೋಟೋ ಕೂಡ ಹೋಗುತ್ತದೆ.

ದಾವಣಗೆರೆಯಲ್ಲಿ ಹಳೆ ಫೋಟೋ ದುರಸ್ತಿ ಮತ್ತು ಆಲ್ಬಂ ಕೆಲಸ ಮಾಡುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಶಾಲೆಯವರನ್ನಾಗಲಿ ತಂದೆ-ತಾಯಿಯರನ್ನಾಗಲಿ ದೂರುವ ಉದ್ದೇಶ ನಮಗಿಲ್ಲ. ಮಗು ಅಜ್ಜಿಯ ಪಕ್ಕ ಕೂತು ಹಳೆ ಫೋಟೋ ನೋಡುವುದಕ್ಕಿಂತ ಒಳ್ಳೆಯ ಹೋಂವರ್ಕ್ ಇನ್ನೊಂದಿಲ್ಲ ಎಂದೇ ನಂಬಿದವರು ನಾವು. ಆದರೆ ಮಗುವಿನ ಕೈಗೆ, ಶಾಲೆಯ ಚಾರ್ಟಿಗೆ ಹೋಗಬೇಕಾದದ್ದು ಪ್ರತಿ. ಅಸಲು ಮನೆಯಲ್ಲೇ ಉಳಿಯಬೇಕು. ಪ್ರತಿ ತೆಗೆಯುವುದಕ್ಕೂ ಮೊದಲು ಆಗಬೇಕಾದ ಕೆಲಸ ಇನ್ನೊಂದಿದೆ, ಫೋಟೋದಲ್ಲಿರುವವರ ಹೆಸರು ಬರೆದಿಡುವುದು. ಬಣ್ಣ ಮಾಸಿದ ಫೋಟೋವನ್ನು ಕಂಪ್ಯೂಟರಿನಲ್ಲಿ ಸರಿಮಾಡಬಹುದು, ಹರಿದದ್ದನ್ನು ಜೋಡಿಸಬಹುದು. ಹೆಸರು ಹೇಳುವವರು ಹೋದ ಮೇಲೆ ಆ ಮುಖ ಯಾರದೆಂದು ಯಾವ ಕಂಪ್ಯೂಟರೂ ಹೇಳುವುದಿಲ್ಲ.

ಮೊದಲು ಪ್ರತಿಯ ವಿಚಾರ. ಸ್ಕ್ಯಾನರೇ ಬೇಕೆಂದಿಲ್ಲ, ಫೋನು ಸಾಕು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ನಾಲ್ಕರೊಳಗೆ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಮೇಜು ಹಾಕಿ, ಮೇಲೆ ಬಿಳಿ ಡ್ರಾಯಿಂಗ್ ಹಾಳೆ ಹಾಸಿ ಫೋಟೋ ಇಡಿ. ಕೋಣೆಯ ದೀಪ ಆರಿಸಿಬಿಡಿ. ಕಿಟಕಿಯ ಬೆಳಕೂ ದೀಪದ ಬೆಳಕೂ ಬೆರೆತರೆ ಪ್ರತಿಯ ಒಂದು ಬದಿ ನೀಲಿಯಾಗಿ, ಇನ್ನೊಂದು ಬದಿ ಹಳದಿಯಾಗಿ ಬರುತ್ತದೆ. ಫ್ಲ್ಯಾಶ್ ಹಾಕಲೇಬಾರದು, ನಡುವೆ ಬಿಳಿ ಚುಕ್ಕೆ ಬೀಳುತ್ತದೆ. ಫೋನನ್ನು ತೀರ ಹತ್ತಿರ ಹಿಡಿದರೆ ಫೋಟೋದ ಅಂಚು ಡೊಂಕಾಗುತ್ತದೆ. ಎರಡು ಗೇಣು ಎತ್ತರದಲ್ಲಿ, ಅಂದರೆ ಸುಮಾರು 40 ಸೆಂ.ಮೀ. ಮೇಲೆ ಹಿಡಿದು, 2 ಪಟ್ಟು ಜೂಮ್ ಮಾಡಿ ತೆಗೆಯಿರಿ. ನಾಲ್ಕು ಅಂಚೂ ಪರದೆಯ ಗ್ರಿಡ್ ಗೆರೆಗೆ ಸಮನಾಗಿರಲಿ. ಹೊಳಪು ಕಾಗದದ ಫೋಟೋ ಆದರೆ ನಿಮ್ಮ ಬಿಳಿ ಅಂಗಿಯೇ ಅದರಲ್ಲಿ ಕಾಣಿಸುತ್ತದೆ. ಗಾಢ ಬಣ್ಣದ ಅಂಗಿ ತೊಟ್ಟುಕೊಳ್ಳಿ, ಇಲ್ಲವೇ ಬೆನ್ನ ಹಿಂದೆ ಕಪ್ಪು ಕಂಬಳಿ ಇಳಿಬಿಡಿ. ಫೋನಿನಲ್ಲಿ ಮುಖ ನುಣುಪು ಮಾಡುವ ಬ್ಯೂಟಿ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. ಅದು ಅಜ್ಜನ ಮುಖದ ಗೆರೆಗಳನ್ನೆಲ್ಲ ಒರೆಸಿಹಾಕುತ್ತದೆ.

ಸ್ಕ್ಯಾನ್ ಮಾಡಿಸುವವರಿಗೆ ಒಂದೆರಡು ಲೆಕ್ಕ. 4×6 ಇಂಚಿನ ಫೋಟೋಗೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಹೇಳಿ. ಆಗ 2400×3600 ಪಿಕ್ಸೆಲ್ ಸಿಗುತ್ತದೆ, ಎರಡರಷ್ಟು ದೊಡ್ಡದಾಗಿ ಮುದ್ರಿಸಿದರೂ ಒಡೆಯುವುದಿಲ್ಲ. ಅಂಗೈಯಲ್ಲಿ ಹಿಡಿಯುವಂಥ 6 ಸೆಂ.ಮೀ. ಚೌಕದ ಹಳೆ ಕಪ್ಪು-ಬಿಳುಪು ಫೋಟೋಗಳಿಗೆ 1200 ಬೇಕು. ಕೇಳದಿದ್ದರೆ ಅಂಗಡಿಯಲ್ಲಿ 200ಕ್ಕೋ 300ಕ್ಕೋ ಇಟ್ಟು ಮುಗಿಸಿಬಿಡುತ್ತಾರೆ, ಅದು ಅರ್ಜಿ ಫಾರಂಗೆ ಸರಿ. ನೆಗೆಟಿವ್ ಇದ್ದರೆ ಅದೇ ನಿಜವಾದ ಅಸಲು. ಅದನ್ನು ಕಸವೆಂದು ಎಸೆಯಬೇಡಿ, 2400 ಡಿಪಿಐಗಿಂತ ಕಡಿಮೆ ಇಲ್ಲದಂತೆ ನೆಗೆಟಿವ್ ಸ್ಕ್ಯಾನರಿನಲ್ಲೇ ತೆಗೆಸಿ. ಪ್ರತಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲು ಫೋಟೋದಂತೆ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಸೇರಿಸಿ ಕಳಿಸಿದರೆ ಇದ್ದಹಾಗೇ ತಲುಪುತ್ತದೆ. ಫೈಲಿಗೆ ಹೆಸರಿಡುವಾಗ ವರ್ಷ ಮೊದಲು, ತಿಂಗಳು ಆಮೇಲೆ, ಊರು ಕೊನೆಗೆ. ‘1986-05-ಹರಿಹರ’ ಎಂದಿಟ್ಟರೆ ಸಾವಿರ ಫೈಲಿದ್ದರೂ ತಾವಾಗಿಯೇ ವರ್ಷದ ಸಾಲಿನಲ್ಲಿ ನಿಲ್ಲುತ್ತವೆ.

ಇನ್ನು ಹೆಸರು. ಫೋಟೋದ ಹಿಂದೆ ‘ಅಜ್ಜಿ’ ಎಂದು ಬರೆದಿಟ್ಟ ಎಷ್ಟೋ ಫೋಟೋಗಳು ಕೈಗೆ ಬರುತ್ತವೆ. ಯಾರ ಅಜ್ಜಿ? ಬರೆದವರಿಗೆ ಅಜ್ಜಿ, ಈಗ ಓದುವವರಿಗೆ ಮುತ್ತಜ್ಜಿ, ಮುಂದಿನವರಿಗೆ ಏನೂ ಅಲ್ಲ. ‘ಚನ್ನಗಿರಿ ದೊಡ್ಡಪ್ಪ’, ‘ಜಗಳೂರು ಅತ್ತೆ’ ಎಂದಿದ್ದರೂ ಇದೇ ಕಥೆ. ಪೂರ್ತಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ಗೊತ್ತಿದ್ದರೆ ಹುಟ್ಟಿದ ವರ್ಷ, ಇಷ್ಟು ಇರಬೇಕು. ನಮ್ಮ ಕಡೆ ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವುದು ರೂಢಿ. ಒಂದೇ ಮನೆತನದಲ್ಲಿ ನಾಲ್ಕು ತಲೆಮಾರಿಗೆ ಇಬ್ಬರು ಮೂವರು ಬಸಪ್ಪ ಸಿಗುತ್ತಾರೆ, ವರ್ಷ ಇಲ್ಲದಿದ್ದರೆ ಗುರುತು ಹತ್ತುವುದಿಲ್ಲ. ಹೆಣ್ಣುಮಕ್ಕಳ ತವರಿನ ಹೆಸರು ಬೇರೆ, ಮದುವೆಯಾದ ಮೇಲೆ ಕರೆದ ಹೆಸರು ಬೇರೆ ಇದ್ದರೆ ಎರಡನ್ನೂ ಬರೆಯಿರಿ. ಮನೆಯಲ್ಲಿ ಪುಟ್ಟಿ, ಚಿನ್ನು ಎಂದು ಕರೆಯುವುದೂ ಇರಲಿ, ಶಾಲೆಯ ದಾಖಲೆಯ ಹೆಸರೂ ಇರಲಿ.

ಯಾವುದರಿಂದ ಬರೆಯಬೇಕು ಎಂಬುದು ಸಣ್ಣ ವಿಷಯವಲ್ಲ. ಬಾಲ್‌ಪೆನ್ ಒತ್ತಿ ಬರೆದರೆ ಅಕ್ಷರ ಮುಖದ ಕಡೆಗೆ ಉಬ್ಬಿ ಬರುತ್ತದೆ, ಒಮ್ಮೆ ಉಬ್ಬಿದರೆ ಹೋಗುವುದಿಲ್ಲ. ಜೆಲ್ ಪೆನ್ನಿನ ಇಂಕು ಆರದೆ ಉಳಿದು, ಕೆಳಗಿನ ಫೋಟೋದ ಮೇಲೆ ಅಚ್ಚಾಗಿ ಕೂರುತ್ತದೆ. ಹಳೆ ಕಪ್ಪು-ಬಿಳುಪು ಫೋಟೋದ ಹಿಂಬದಿ ಕಾಗದದಂತೆ ಒರಟಾಗಿರುತ್ತದೆ. ಅದಕ್ಕೆ 4ಬಿ ಅಥವಾ 6ಬಿ ಮೆತ್ತನೆ ಪೆನ್ಸಿಲ್ ಸಾಕು. ಕಲರ್ ಫೋಟೋದ ಹಿಂಬದಿಗೆ ಪ್ಲಾಸ್ಟಿಕ್ ಪದರ ಇರುವುದರಿಂದ ಪೆನ್ಸಿಲ್ ಹತ್ತುವುದಿಲ್ಲ. ಸಿ.ಡಿ. ಮೇಲೆ ಬರೆಯುವ ಸಣ್ಣ ಮೊನೆಯ ಮಾರ್ಕರ್ ತೆಗೆದುಕೊಂಡು, ಮುಖಗಳು ಬರುವ ಜಾಗ ಬಿಟ್ಟು ಅಂಚಿನಲ್ಲಿ ಬರೆದು, ಹತ್ತು ನಿಮಿಷ ಆರಲು ಬಿಟ್ಟು ಆಮೇಲೆ ಜೋಡಿಸಿ. ಬರೆಯುವಾಗ ಫೋಟೋ ಗಾಜಿನ ಮೇಲೋ ಗಟ್ಟಿ ಮೇಜಿನ ಮೇಲೋ ಇರಲಿ, ಮಡಿಲ ಮೇಲೆ ಇಟ್ಟುಕೊಂಡು ಬರೆಯಬೇಡಿ.

ಮದುವೆ ಮನೆಯ ಗುಂಪು ಫೋಟೋ, ಶಾಲೆಯ ಗುಂಪು ಫೋಟೋ ಇದ್ದರೆ ಅಸಲಿನ ಮೇಲೆ ಏನೂ ಬರೆಯದೆ, ಎ4 ಹಾಳೆಯಲ್ಲಿ ಪ್ರತಿ ತೆಗೆಸಿ ಮುಖದ ಮೇಲೆ ಅಂಕಿ ಹಾಕಿ. ಕೆಳಗೆ ಅಂಕಿಯ ಪ್ರಕಾರ ಹೆಸರು. ‘ಎಡದಿಂದ’ ಎಂದು ಬರೆಯುವವರು ಯಾರ ಎಡ ಎಂದು ಹೇಳುವುದೇ ಇಲ್ಲ. ನೋಡುವವರ ಎಡಗಡೆಯಿಂದ ಎಂದು ಸ್ಪಷ್ಟವಾಗಿ ಬರೆಯಿರಿ. ಹೆಸರು ತಿಳಿಯದವರ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿ, ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಮುಂದೆ ಯಾರೋ ಊಹಿಸಿ ತುಂಬಿಬಿಡುತ್ತಾರೆ.

ಹಿರಿಯರನ್ನು ಕೂರಿಸಿಕೊಂಡು ಕೇಳುವಾಗ ಪೂರ್ತಿ ಆಲ್ಬಂ ಒಂದೇ ಸಲ ತಿರುವಬಾರದು. ನಾಲ್ಕೈದು ಫೋಟೋ ಆಗುವಷ್ಟರಲ್ಲಿ ಅವರಿಗೆ ದಣಿವಾಗುತ್ತದೆ. ಆಮೇಲೆ ‘ಅವರೇ ಇರಬೇಕು ಬಿಡು’ ಎಂಬ ಉತ್ತರ ಬರುತ್ತದೆ, ಅದು ಉಪಯೋಗಕ್ಕೆ ಬಾರದು. ಸಂಜೆಗಿಂತ ಬೆಳಿಗ್ಗೆ ತಿಂಡಿ ಆದ ಮೇಲಿನ ಹೊತ್ತು ಒಳ್ಳೆಯದು, ಕಣ್ಣಿಗೆ ಹಗಲ ಬೆಳಕೂ ಸಿಗುತ್ತದೆ. ಫೋನಿನ ರೆಕಾರ್ಡರ್ ಹಾಕಿ, ಮೊದಲು ಫೋಟೋದ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಅವರಿಗೆ ಮಾತಾಡಲು ಬಿಡಿ. ಸಂಖ್ಯೆ ಹೇಳದಿದ್ದರೆ ‘ಇವನು ನೋಡು, ಇವನ ಪಕ್ಕದವನು’ ಎಂಬ ದನಿ ಉಳಿದಿರುತ್ತದೆ, ಇವನು ಯಾರೆಂದೇ ತಿಳಿಯುವುದಿಲ್ಲ.

ವರ್ಷ ನೆನಪಿಲ್ಲದಿದ್ದರೆ ಫೋಟೋವೇ ಹೇಳುತ್ತದೆ. ಹಿಂದಿನ ಸ್ಟುಡಿಯೋ ಸೀಲನ್ನು ಮೊದಲು ನೋಡಿ. ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಎಂದಿದ್ದರೆ ಸೀಲು 1997ರ ಆಗಸ್ಟ್ 15ಕ್ಕೆ ಮೊದಲು ಮಾಡಿಸಿದ್ದು, ಆ ದಿನವೇ ದಾವಣಗೆರೆ ಬೇರೆ ಜಿಲ್ಲೆಯಾಯಿತು. ಹಳೆ ಸೀಲನ್ನೇ ಒಂದೆರಡು ವರ್ಷ ಹೆಚ್ಚು ಬಳಸಿರಬಹುದು, ಆ ಅಂತರ ಇಟ್ಟುಕೊಳ್ಳಿ. 577001 ಎಂಬಂಥ ಆರಂಕಿಯ ಪಿನ್‌ಕೋಡ್ ಇದ್ದರೆ 1972ಕ್ಕಿಂತ ಈಚಿನದು. ಹಿನ್ನೆಲೆಯ ಬೋರ್ಡಿನಲ್ಲಿ ‘ಮೈಸೂರು ರಾಜ್ಯ’ ಕಂಡರೆ 1973ರ ನವೆಂಬರ್‌ಗೆ ಮೊದಲು ಹಾಕಿದ ಬೋರ್ಡು. ಸ್ಕೂಟರಿನ ನಂಬರು ದಾವಣಗೆರೆಯ ‘ಕೆಎ 17’ ಅಥವಾ ಚಿತ್ರದುರ್ಗದ ‘ಕೆಎ 16’ ಎಂದಿದ್ದರೆ 1989ರ ಈಚೆ. ಬಿಳಿ ಅಂಚಿನ 6 ಸೆಂ.ಮೀ. ಚೌಕದ ಚಿತ್ರ ಬಹುಪಾಲು 120 ಎಂಬ ಅಳತೆಯ ಫಿಲ್ಮ್ ರೋಲಿನ ಬಾಕ್ಸ್ ಕ್ಯಾಮೆರಾದ್ದು, ಒಂದು ರೋಲಿಗೆ 12 ಬರುತ್ತಿತ್ತು. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ನಮ್ಮ ಎಷ್ಟೋ ಮನೆಗಳಲ್ಲಿತ್ತು. ‘ಇಂದು’ ಎಂಬ ಹೆಸರು ಕಂಡರೆ ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಮಾಲು. ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು ಇದ್ದರೆ ಹಾಗೇ ನಂಬಿಬಿಡಬೇಡಿ. ಕ್ಯಾಮೆರಾದ ಸೆಲ್ ಬದಲಿಸಿದಾಗ ತಾರೀಖು ಹಿಂದಕ್ಕೆ ಹೋಗಿ, ಸರಿಮಾಡದೆ ಬಿಟ್ಟವು ಬಹಳ. ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಕೋಡಿ ಬಿದ್ದ ನೀರಿನ ಮುಂದೆ ನಿಂತ ಫೋಟೋ ಆದರೆ ಇನ್ನೂ ಸುಲಭ. ಅದು 1933ರಲ್ಲಿ ತುಂಬಿ ಹರಿದದ್ದು ಬಿಟ್ಟರೆ ಮತ್ತೆ ಹರಿದದ್ದು 2022ರಲ್ಲೇ, ಆಮೇಲೆ 2025ರಲ್ಲಿ.

ಎಲ್ಲಕ್ಕಿಂತ ನೆಚ್ಚಬಹುದಾದ ಗುರುತು ಮಕ್ಕಳೇ. ಮುಂದಿನ ಹಾಲುಹಲ್ಲು ಬಿದ್ದ ಮಗುವಿಗೆ ಆರು-ಏಳು ವರ್ಷ. ಗೋಡೆ ಹಿಡಿದು ನಿಂತಿರುವ ಮಗುವಿಗೆ ಒಂದು ವರ್ಷದ ಆಸುಪಾಸು. ಜವಳ ತೆಗೆಸಿದ ಬೋಳು ತಲೆ ಇದ್ದರೆ ಯಾವ ವಯಸ್ಸಿಗೆ ತೆಗೆಸುವ ಪದ್ಧತಿ ಎಂದು ಆ ಮನೆಯವರಿಗೆ ಗೊತ್ತೇ ಇರುತ್ತದೆ. ಗುಂಪಿನಲ್ಲಿ ಹುಟ್ಟಿದ ವರ್ಷ ಗೊತ್ತಿರುವ ಒಂದು ಮಗು ಸಿಕ್ಕರೆ ಇಡೀ ಫೋಟೋದ ವರ್ಷ ಸಿಕ್ಕಂತೆ.

ಕೈಗೆ ಬರುವ ಆಲ್ಬಂಗಳಲ್ಲಿ ಹೆಚ್ಚು ಹಾಳಾದವು ಯಾವುವೆಂದರೆ, 1980–90ರ ದಶಕದಲ್ಲಿ ಮದುವೆಗೆ ಉಡುಗೊರೆ ಕೊಡುತ್ತಿದ್ದ ದಪ್ಪ ಆಲ್ಬಂಗಳು. ಗಟ್ಟಿ ಹಾಳೆಯ ಮೇಲೆ ಅಂಟಿನ ಗೆರೆಗಳು, ಅದರ ಮೇಲೆ ಎತ್ತಿ ಮುಚ್ಚುವ ಪ್ಲಾಸ್ಟಿಕ್ ಹಾಳೆ. ಮ್ಯಾಗ್ನೆಟಿಕ್ ಆಲ್ಬಂ ಎಂದು ಮಾರುತ್ತಿದ್ದರು. ಆ ಅಂಟು ವರ್ಷ ಕಳೆದಂತೆ ಹಳದಿಯಾಗಿ ಕಲ್ಲಿನಂತೆ ಬಿಗಿಯುತ್ತದೆ, ಮೇಲಿನ ಪ್ಲಾಸ್ಟಿಕ್ ಫೋಟೋದ ಮುಖಕ್ಕೆ ಕಚ್ಚಿಕೊಳ್ಳುತ್ತದೆ. ಮೂಲೆ ಹಿಡಿದು ಎಳೆದರೆ ಫೋಟೋದ ಬೆನ್ನು ಹಾಳೆಯಲ್ಲೇ ಉಳಿದು ಮುಖ ಸೀಳುತ್ತದೆ.

ಬಿಡಿಸುವ ಮೊದಲು ಪ್ರತಿ ಪುಟವನ್ನೂ ಇದ್ದ ಹಾಗೇ ಫೋನಿನಲ್ಲಿ ತೆಗೆದುಕೊಳ್ಳಿ. ಬಿಡಿಸುವಾಗ ಹರಿದರೂ ಮುಖವಂತೂ ಉಳಿಯುತ್ತದೆ, ಯಾವ ಫೋಟೋ ಯಾವುದರ ಪಕ್ಕ ಇತ್ತು ಎಂಬುದೂ ಉಳಿಯುತ್ತದೆ. ಆಮೇಲೆ ಹಲ್ಲಿನ ಸಂದಿಗೆ ಹಾಕುವ ಫ್ಲಾಸ್ ದಾರ, ಮೇಣ ಹಚ್ಚದ್ದು, ಒಂದು ಮೊಳ ತೆಗೆದುಕೊಳ್ಳಿ. ಎರಡು ಡೆಂಟಲ್ ಕಾಲೇಜು ಇರುವ ದಾವಣಗೆರೆಯಲ್ಲಿ ಔಷಧಿ ಅಂಗಡಿಗೆ ಹೋದರೆ ಸಿಗುತ್ತದೆ. ದಾರದ ಎರಡು ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಗಿ ಹಿಡಿದು, ಫೋಟೋದ ಒಂದು ಮೂಲೆಯ ಕೆಳಗೆ ತೂರಿಸಿ, ಗರಗಸ ಎಳೆದಂತೆ ಅತ್ತಿತ್ತ ನಿಧಾನವಾಗಿ ಎಳೆಯುತ್ತ ಮುಂದೆ ಸಾಗಿ. ದಾರ ಯಾವಾಗಲೂ ಹಾಳೆಗೆ ಒತ್ತಿಕೊಂಡೇ ಇರಬೇಕು, ಫೋಟೋದ ಕಡೆಗೆ ಏರಬಾರದು. ಎಡಗೈ ಅಂಗೈಯನ್ನು ಫೋಟೋದ ಮೇಲೆ ಹಗುರವಾಗಿ ಇಟ್ಟರೆ ಅದು ಮಡಚಿಕೊಳ್ಳುವುದಿಲ್ಲ. ಅಂಟಿನ ಗೆರೆ ದಾಟುವಾಗ ಕಿರ್ ಎಂದು ಸದ್ದು ಬರುತ್ತದೆ, ಹೆದರಬೇಕಿಲ್ಲ. ದಾರ ನಿಂತುಬಿಟ್ಟರೆ ಜೋರು ಮಾಡದೆ ಎದುರಿನ ಮೂಲೆಯಿಂದ ಶುರುಮಾಡಿ. ಅದಕ್ಕೂ ಬಾರದಿದ್ದರೆ ಹಾಳೆಯ ಹಿಂಬದಿಯಿಂದ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರದಿಂದ, ಅರ್ಧ ನಿಮಿಷಕ್ಕಿಂತ ಹೆಚ್ಚಿಲ್ಲದಂತೆ ಹಿಡಿದು ನೋಡಿ. ನೀರು, ಸೀಮೆಎಣ್ಣೆ, ಥಿನ್ನರ್ ಮುಟ್ಟಿಸಬೇಡಿ. ಯಾವುದಕ್ಕೂ ಬಾರದ ಫೋಟೋ ಇದ್ದರೆ ಹಾಳೆಯನ್ನೇ ಅದರ ಅಳತೆಗೆ ಕತ್ತರಿಸಿ ಹಾಗೇ ಇಟ್ಟುಬಿಡುವುದು ಜಾಣತನ.

ಹಿಂದಿನವರ ಕಪ್ಪು ಹಾಳೆಯ ಆಲ್ಬಂ, ನಾಲ್ಕು ಮೂಲೆಗೆ ಫೋಟೋ ಕಾರ್ನರ್, ನಡುವೆ ಜೇಡರ ಬಲೆಯ ಚಿತ್ತಾರದ ತೆಳು ಕಾಗದ, ಇದು ನಿಜಕ್ಕೂ ಒಳ್ಳೆಯ ಕಟ್ಟುಗಾರಿಕೆ. ಅದನ್ನು ಬಿಚ್ಚಿ ಹೊಸ ಆಲ್ಬಂಗೆ ಹಾಕುವ ಅಗತ್ಯವಿಲ್ಲ. ಹೊಸದಾಗಿ ಕೊಳ್ಳುವುದಾದರೆ ಜೇಬಿನಂತೆ ತೂರಿಸುವ ಆಲ್ಬಂ ಕೊಳ್ಳಿ. ಮೂಗಿನ ಹತ್ತಿರ ಹಿಡಿದಾಗ ಹೊಸ ರೆಕ್ಸಿನ್ನಿನ ವಾಸನೆ ಗಪ್ಪೆಂದು ಬಂದರೆ ಅದು ಪಿವಿಸಿ, ಬೇಡ. ತ್ರಿಕೋನದೊಳಗೆ 5 ಅಥವಾ ‘ಪಿಪಿ’ ಎಂದು ಅಚ್ಚಾಗಿದ್ದರೆ ಪಾಲಿಪ್ರೊಪಿಲೀನ್, ಅದು ಆಗಬಹುದು.

ಇಡುವ ಜಾಗದ ವಿಷಯದಲ್ಲಿ ಬಯಲುಸೀಮೆಗೆ ಬೇರೆಯೇ ಲೆಕ್ಕ. ಮಲೆನಾಡಿನ ಹಾಗೆ ಬೂಷ್ಟು ಹಿಡಿಯುವುದು ಇಲ್ಲಿ ಕಡಿಮೆ. ನಮ್ಮ ವೈರಿ ಸೆಕೆ, ಧೂಳು ಮತ್ತು ಹುಳ. ಏಪ್ರಿಲ್-ಮೇನಲ್ಲಿ ಆರ್‌ಸಿಸಿ ಚಾವಣಿಯ ಕೆಳಗಿನ ಸಜ್ಜಾ ಕಾದು ಕೆಂಡವಾಗಿರುತ್ತದೆ, ಅಲ್ಲಿರುವ ತಗಡಿನ ಟ್ರಂಕಿನಲ್ಲೇ ಆಲ್ಬಂ ತುಂಬಿಡುತ್ತೇವೆ. 1970–80ರ ದಶಕದ ಕಲರ್ ಫೋಟೋ ಕತ್ತಲಲ್ಲಿದ್ದರೂ ಕೆಂಪಗಾಗುತ್ತದೆ. ಅದರ ಮೂರು ಬಣ್ಣದ ಪದರಗಳಲ್ಲಿ ಹಸಿರು ಮಿಶ್ರಿತ ನೀಲಿಯದ್ದು ಮೊದಲು ಮಾಸುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ. ಹಾಗಾಗಿ ಸಜ್ಜಾದಿಂದ ಇಳಿಸಿ, ಬಿಸಿಲು ಬೀಳದ ಒಳಕೋಣೆಯ ಬೀರುವಿನ ನಡುವಿನ ಖಾನೆಯಲ್ಲಿಡಿ. ನೆಲದಿಂದ ಒಂದು ಅಡಿಯಾದರೂ ಮೇಲಿರಲಿ, ಗೆದ್ದಲಿಗೂ ನೆಲ ತೊಳೆದ ನೀರಿಗೂ ಸಿಗುವುದಿಲ್ಲ. ಫೋಟೋದ ಮೇಲ್ಪದರ ಜೆಲಟಿನ್, ಪ್ರಾಣಿಗಳ ಮೂಳೆ-ಚರ್ಮದಿಂದ ಮಾಡುವ ವಸ್ತು. ಜಿರಳೆಗೂ ಪುಸ್ತಕ ತಿನ್ನುವ ಬೆಳ್ಳಿಹುಳಕ್ಕೂ ಅದು ಊಟ. ಅದಕ್ಕೆಂದು ಡಾಂಬರ್ ಗುಳಿಗೆ ಹಾಕುವ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ದಯವಿಟ್ಟು ಬಿಟ್ಟುಬಿಡಿ, ಪೆಪ್ಪರ್‌ಮಿಂಟಿನಂತೆ ಕಾಣುವ ಅದನ್ನು ಮಗು ಬಾಯಿಗೆ ಹಾಕಿಕೊಂಡರೆ ಜೀವಕ್ಕೇ ಅಪಾಯ. ವರ್ಷಕ್ಕೆ ಎರಡು ಸಲ, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಮನೆ ಧೂಳು ತೆಗೆಯುವಾಗ ಆಲ್ಬಂ ಹೊರತೆಗೆದು ಒಣ ಮೆತ್ತನೆ ಬ್ರಷ್ಷಿನಲ್ಲಿ ಒರೆಸಿಟ್ಟರೆ ಹುಳ ನೆಲೆಯೂರುವುದಿಲ್ಲ. ಒದ್ದೆ ಬಟ್ಟೆ ಬೇಡ, ಬಾಯಿಂದ ಊದುವುದೂ ಬೇಡ.

ಗೋಡೆಯ ಮೇಲಿನ ಕಟ್ಟು ಹಾಕಿಸಿದ ಪಟಗಳಿಗೆ ಒಂದೇ ಮಾತು. ಗಾಜಿಗೂ ಫೋಟೋಗೂ ನಡುವೆ ರಟ್ಟಿನ ಅಂಚು ಹಾಕಿಸಿ ಸ್ವಲ್ಪ ಸಂದು ಬಿಡಿಸಬೇಕು, ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಜೆಲಟಿನ್ ಗಾಜಿಗೆ ಅಂಟುತ್ತದೆ. ಈಗಾಗಲೇ ಅಂಟಿದ್ದರೆ ಕೀಳದೆ ಗಾಜಿನ ಮೇಲಿಂದಲೇ ಪ್ರತಿ ತೆಗೆಯಿರಿ. ತೀರಿಕೊಂಡವರ ಪಟಕ್ಕೆ ಕುಂಕುಮ, ಹೂವು, ಊದುಬತ್ತಿ ಮುಟ್ಟುವುದು ಸಹಜ. ಆದ್ದರಿಂದ ಗೋಡೆಗೆ ಪ್ರತಿ ಹಾಕಿ, ಅಸಲು ಬೀರುವಿನಲ್ಲಿರಲಿ.

ಅಸಲು ಫೋಟೋವನ್ನು ಲ್ಯಾಮಿನೇಷನ್ ಮಾಡಿಸುವವರು ನಮ್ಮ ಊರಿನಲ್ಲಿ ಬಹಳ. ಬಿಸಿ ರೋಲರಿನ ನಡುವೆ ಹೋದ ಮೇಲೆ ಅದನ್ನು ಮತ್ತೆ ಬಿಡಿಸಲು ಯಾರಿಂದಲೂ ಆಗದು. ಅದೇ ಲ್ಯಾಮಿನೇಷನ್ ಪ್ರತಿಗೆ ಮಾತ್ರ ವರ. ಎರಡು-ಮೂರು ವರ್ಷದ ಮಗು ಇರುವ ಮನೆಯವರು ಇದನ್ನೊಮ್ಮೆ ಮಾಡಿ ನೋಡಿ. ಮನೆಯವರ, ಹತ್ತಿರದ ಬಂಧುಗಳ ಹತ್ತು-ಹನ್ನೆರಡು ಮುಖ ಆರಿಸಿ, 4×6 ಇಂಚಿನ ಪ್ರತಿ ಮುದ್ರಿಸಿ, 125 ಮೈಕ್ರಾನ್ ಪೌಚಿನಲ್ಲಿ ಲ್ಯಾಮಿನೇಟ್ ಮಾಡಿಸಿ. ಸುತ್ತ ಅರ್ಧ ಸೆಂ.ಮೀ. ಪ್ಲಾಸ್ಟಿಕ್ ಅಂಚು ಬಿಟ್ಟು ಕತ್ತರಿಸಿ. ಫೋಟೋದ ಅಂಚಿಗೇ ಕತ್ತರಿಸಿದರೆ ಪದರ ಬಿಚ್ಚಿ ಜೊಲ್ಲು ಒಳಗೆ ಹೋಗುತ್ತದೆ. ನಾಲ್ಕು ಮೂಲೆಯನ್ನೂ ಒಂದು ರೂಪಾಯಿ ನಾಣ್ಯ ಇಟ್ಟು ದುಂಡಗೆ ಕತ್ತರಿಸಿ, ಚೂಪಾಗಿ ಬಿಟ್ಟರೆ ಕಣ್ಣಿಗೆ ಚುಚ್ಚುತ್ತದೆ. ಒಂದು ಮೂಲೆಗೆ ತೂತು ಮಾಡಿ ದಪ್ಪ ದಾರದಲ್ಲಿ ಸಡಿಲವಾಗಿ ಪೋಣಿಸಿದರೆ ಮಗುವಿನದೇ ಆಲ್ಬಂ. ಮಂಡಕ್ಕಿ-ಮಿರ್ಚಿ ತಿಂದ ಎಣ್ಣೆ ಕೈಯಲ್ಲಿ ಹಿಡಿಯಲಿ, ಕಚ್ಚಲಿ, ಒರೆಸಿದರೆ ಹೋಯಿತು. ಅಸಲಿನ ಮೇಲೆ ಅದೇ ಬೆರಳು ಬಿದ್ದರೆ ಎಣ್ಣೆ ಜೆಲಟಿನ್ ಒಳಗೆ ಇಳಿದು ವರ್ಷದ ಮೇಲೆ ಕಂದು ಗುರುತಾಗಿ ಏಳುತ್ತದೆ.

ಮಗುವಿನ ಜೊತೆ ಕೂತಾಗ ‘ಇದು ಯಾರು ಹೇಳು?’ ಎಂದು ಪರೀಕ್ಷೆ ಮಾಡಬೇಡಿ. ತಪ್ಪಿದರೆ ಮಗು ಆಲ್ಬಂ ಬಿಟ್ಟು ಓಡುತ್ತದೆ. ‘ಇಲ್ಲಿ ಏನು ನಡೀತಾ ಇದೆ?’, ‘ಅಜ್ಜಿ ಕೈಲಿ ಏನಿದೆ?’, ‘ಈ ಹಂಡೆ ಈಗ ಎಲ್ಲಿದೆ?’ ಎಂದು ಕೇಳಿ, ಮಗು ಹೇಳಿದ್ದಕ್ಕೆ ನಿಮ್ಮದೊಂದು ಮಾತು ಸೇರಿಸಿ. ತಾಯಿ-ತಂದೆ ಹೀಗೆ ಬಿಡಿಸಿ ಬಿಡಿಸಿ ಮಾತಾಡಿಸುವ ಮಕ್ಕಳು ತಮ್ಮ ಅನುಭವಗಳನ್ನು ಹೆಚ್ಚು ವಿವರವಾಗಿ ನೆನಪಿಟ್ಟುಕೊಂಡು ಹೇಳುತ್ತಾರೆ ಎಂಬುದು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ರಾಬಿನ್ ಫೈವುಶ್ ಮತ್ತಿತರ ಮನಃಶಾಸ್ತ್ರಜ್ಞರು ದಶಕಗಳ ಅಧ್ಯಯನದಲ್ಲಿ ಕಂಡುಕೊಂಡದ್ದು. ನಾಲ್ಕು ವರ್ಷದ ಮಗುವಿಗೆ ಐದಾರು ಫೋಟೋ, ಹತ್ತು ನಿಮಿಷ ಸಾಕು. ‘ನಾನೆಲ್ಲಿದ್ದೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನೀನಿನ್ನೂ ಹುಟ್ಟಿರಲಿಲ್ಲ ಎಂದು ಸೀದಾ ಹೇಳಿ, ಹುಟ್ಟಿದ ಮೇಲಿನ ಮೊದಲ ಫೋಟೋ ತೋರಿಸಿ. ತೀರಿಹೋದವರ ಬಗ್ಗೆ ಕೇಳಿದರೂ ‘ಊರಿಗೆ ಹೋಗಿದ್ದಾರೆ’ ಎನ್ನಬೇಡಿ, ಮಗು ಬರುತ್ತಾರೆಂದು ಕಾಯುತ್ತದೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಒಂದೇ ಸೀರೆ ಎರಡು ಫೋಟೋದಲ್ಲಿ ಎಲ್ಲಿ ಬಂದಿದೆ ಹುಡುಕು ಎಂದರೆ ಅರ್ಧ ಗಂಟೆ ಕದಲುವುದಿಲ್ಲ. ಅಕ್ಕನ ಮದುವೆಯ ಸೀರೆ ಮುಂದೆ ತೊಟ್ಟಿಲು ಶಾಸ್ತ್ರದಲ್ಲಿ ಕಾಣಿಸಿಕೊಂಡು, ಯಾವ ಫೋಟೋ ಮೊದಲು ಯಾವುದು ಆಮೇಲೆ ಎಂಬ ಲೆಕ್ಕ ಎಷ್ಟೋ ಸಲ ಮಕ್ಕಳಿಂದಲೇ ಬಗೆಹರಿಯುತ್ತದೆ.

ಮಗುವನ್ನು ಎಣ್ಣೆ-ನೀರು ಹಾಕುವಾಗ ತೆಗೆದ, ಬರಿಮೈ ಫೋಟೋಗಳು ಎಲ್ಲ ಮನೆಯ ಆಲ್ಬಂನಲ್ಲೂ ಇರುತ್ತವೆ. ಅವು ಆಲ್ಬಂನಲ್ಲೇ ಇರಲಿ, ಸ್ಟೇಟಸ್ಸಿಗೆ ಹಾಕಬೇಡಿ. ಒಮ್ಮೆ ಹೋದದ್ದನ್ನು ಹಿಂದಕ್ಕೆ ತರಲಾಗದು.

ಈಗಿನ ಮಕ್ಕಳ ಫೋಟೋಗಳ ಬಗ್ಗೆಯೂ ಚಿಂತೆ ಇದೆ. ಒಂದೊಂದು ಫೋನಿನಲ್ಲೂ ಸಾವಿರಾರು ಇವೆ, ಫೋನು ನೀರಿಗೆ ಬಿದ್ದ ದಿನ ಒಂದೂ ಇಲ್ಲ. ತಿಂಗಳಿಗೆ ಒಂದೇ ಫೋಟೋ ಆರಿಸಿ ಮುದ್ರಿಸಿ, ಹಿಂದೆ ತಾರೀಖು-ಹೆಸರು ಬರೆಯಿರಿ. ವರ್ಷಕ್ಕೆ 12, ಮಗುವಿಗೆ 18 ತುಂಬುವ ಹೊತ್ತಿಗೆ 216, ಎರಡು-ಮೂರು ಆಲ್ಬಂನಲ್ಲಿ ಹಿಡಿಸುತ್ತದೆ. ಕೇಕ್ ಕತ್ತರಿಸುವುದೇ ಆಗಬೇಕಿಲ್ಲ. ಅಜ್ಜಿ ರೊಟ್ಟಿ ತಟ್ಟುವುದು, ಶಾಲೆಯ ಚೀಲ, ಮನೆ ಮುಂದಿನ ರಸ್ತೆ, ಆಟೋದೊಳಗೆ ಒತ್ತಿ ಕೂತ ಮಕ್ಕಳು, ಇವೇ ಮುಂದೆ ಬೇಕಾಗುವುದು. ಫೋಟೋ ತೆಗೆಯುವ ತಾಯಿ ಯಾವ ಫೋಟೋದಲ್ಲೂ ಇರುವುದಿಲ್ಲ, ತಿಂಗಳಿಗೊಮ್ಮೆ ಫೋನನ್ನು ಬೇರೆಯವರ ಕೈಗೆ ಕೊಡಿ. ಸ್ಕ್ಯಾನ್ ಮಾಡಿದ್ದು ಮೂರು ಕಡೆ ಇರಲಿ: ಮನೆಯ ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಊರಿನ ಅಣ್ಣನೋ ತಂಗಿಯೋ ಅವರ ಮನೆಯಲ್ಲಿ ಇಲ್ಲವೇ ಇಂಟರ್ನೆಟ್ ಖಾತೆಯಲ್ಲಿ ಒಂದು. 600 ಡಿಪಿಐನ 500 ಫೋಟೋ ಎಂದರೆ ಸುಮಾರು 2 ಜಿಬಿ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯಲ್ಲಿ ಧಾರಾಳವಾಗಿ ಹಿಡಿಸುತ್ತದೆ. ಮದುವೆ ಸಿ.ಡಿ., ಡಿ.ವಿ.ಡಿ. ಇದ್ದವರು ಈ ವರ್ಷವೇ ಕಾಪಿ ಮಾಡಿಕೊಳ್ಳಿ, ಅವುಗಳ ಬಣ್ಣದ ಪದರ ಕೆಟ್ಟ ಮೇಲೆ ಯಾವ ಯಂತ್ರವೂ ಓದುವುದಿಲ್ಲ.

ಶಿಕ್ಷಕರಲ್ಲಿ ನಮ್ಮ ಕೋರಿಕೆ ಇಷ್ಟೇ. ಡೈರಿಯಲ್ಲಿ ‘ಫೋಟೋ ಅಂಟಿಸಿ’ ಎಂಬಲ್ಲಿ ‘ಫೋಟೋದ ಜೆರಾಕ್ಸ್ ಅಂಟಿಸಿ, ಅಸಲು ಕಳಿಸಬೇಡಿ’ ಎಂದು ಬರೆಸಿ. ಮುಖದ ಕೆಳಗೆ ‘ಅಜ್ಜಿ’ ಎನ್ನುವುದರ ಜೊತೆ ಪೂರ್ತಿ ಹೆಸರನ್ನೂ ಊರನ್ನೂ ಮಗುವಿನಿಂದಲೇ ಬರೆಸಿ, ಇದಕ್ಕೆ ಒಂದು ದಿನ ಅಲ್ಲ, ಒಂದು ವಾರ ಕೊಡಿ. ಎಷ್ಟೋ ಮಕ್ಕಳ ಅಜ್ಜ-ಅಜ್ಜಿ ಹಳ್ಳಿಯಲ್ಲಿರುತ್ತಾರೆ, ಭಾನುವಾರ ಹೋಗಿ ಕೇಳಿಕೊಂಡು ಬರಬೇಕು. ಫೋಟೋವೇ ಇಲ್ಲದ ಮನೆಗಳೂ ಇವೆ; ಆ ಮಗು ಚಿತ್ರ ಬರೆದು ತಂದರೆ ಅದಕ್ಕೂ ಅಷ್ಟೇ ಅಂಕ ಕೊಡಿ.

ಸಂಪಾದಕರಲ್ಲೂ ಒಂದು ಕೋರಿಕೆ. ತಿಂಗಳಿಗೊಂದು ಭಾನುವಾರ, ಓದುಗರ ಮನೆಯಲ್ಲಿ ಗುರುತು ಸಿಗದೆ ಉಳಿದ, ದಾವಣಗೆರೆ-ಚಿತ್ರದುರ್ಗ ಎರಡೂ ಜಿಲ್ಲೆಯ ಹಳೆಯ ಗುಂಪು ಫೋಟೋವೊಂದನ್ನು ಮುಖಗಳಿಗೆ ಅಂಕಿ ಹಾಕಿ ಅಚ್ಚು ಮಾಡಿ. ಹತ್ತಿಗಿರಣಿ ಕಾರ್ಮಿಕರ ಫೋಟೋಗಳು, ಹೈಸ್ಕೂಲಿನ ಬೀಳ್ಕೊಡುಗೆ ಫೋಟೋಗಳು, ಕೋಟೆ ನೋಡಲು ಹೋದ ಮಕ್ಕಳ ಪ್ರವಾಸದವು ಇನ್ನೂ ಟ್ರಂಕುಗಳಲ್ಲಿವೆ, ಅವರನ್ನು ಬಲ್ಲವರು ಪತ್ರಿಕೆ ಓದುವವರಲ್ಲೇ ಇದ್ದಾರೆ. ಈಗಿನ ಮಕ್ಕಳ ಫೋಟೋ ಬೇಡ, 1990ಕ್ಕಿಂತ ಹಿಂದಿನವು ಸಾಕು. ಕಳಿಸುವವರು ಅಸಲನ್ನು ಅಂಚೆಗೆ ಹಾಕದೆ ಫೋನಿನಲ್ಲಿ ತೆಗೆದ ಪ್ರತಿಯನ್ನೇ ಕಳಿಸಬೇಕು, ಹಿಂಬದಿಯ ಸೀಲಿನ ಚಿತ್ರವನ್ನೂ ಜೊತೆಗಿಡಬೇಕು ಎಂಬ ನಿಯಮವನ್ನು ದಯವಿಟ್ಟು ಮೊದಲ ದಿನವೇ ಅಚ್ಚು ಹಾಕಿ.

– ಹಳೆ ಫೋಟೋ ದುರಸ್ತಿ ಮತ್ತು ಆಲ್ಬಂ ಕೆಲಸದವರು, ದಾವಣಗೆರೆ